ತೊಳೆಯದ ಸೀಸೆ

ಅವರ ಎದೆಯ ಮೇಲಿನ ಬೆಳ್ಳಿಯ ಕರಡಿಗೆ ಸದಾ ಕರ್ರಗಿರುತ್ತಿತ್ತು. ಬಗ್ಗಿ ದೀಪ ಹೊತ್ತಿಸುವಾಗ ಅಂಗಿಯ ಸಂದಿಯಿಂದ ಅದು ಹೊರಗೆ ಬಂದು ಬಿಳಿ ದಾರದ ತುದಿಯಲ್ಲಿ ತೂಗುತ್ತಿತ್ತು. ಒಳಗೆ ಇಷ್ಟಲಿಂಗ, ಹೊರಗೆ ಬೆಳ್ಳಿ, ಬೆಳ್ಳಿಯ ಮೇಲೆ ಬಾಣಲೆಯ ತಳದ ಬಣ್ಣ. ಅವರ ಹೆಂಡತಿ ಪ್ರತಿ ಸೋಮವಾರ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ ಬೆಳಗುತ್ತಿದ್ದರು. ಬುಧವಾರದ ಹೊತ್ತಿಗೆ ಮತ್ತೆ ಕಪ್ಪು. ಗಂಧಕದ ಹಬೆ ತಾಗಿದರೆ ಬೆಳ್ಳಿ ಕಪ್ಪಾಗುತ್ತದೆ, ಮತ್ತು ನನ್ನ ಗೈಡ್ ಹಗಲೆಲ್ಲ ಗಂಧಕದ ಜೊತೆಗೇ ಬದುಕುತ್ತಿದ್ದರು.

ಬೀದರಿನವರು. ಕರಡಿಗೆಯನ್ನು ಯಾರಾದರೂ ನೋಡುತ್ತಿದ್ದಾರೆ ಎನ್ನಿಸಿದರೆ ತಾವೇ ಹೇಳುತ್ತಿದ್ದರು: "ನಮ್ಮೂರಾಗ ಕರಿ ಲೋಹದ ಮ್ಯಾಲೆ ಬೆಳ್ಳಿ ಕೂಡಸ್ತಾರ. ನಾ ಬೆಳ್ಳಿ ಮ್ಯಾಲೆ ಕರಿ ಕೂಡಸ್ತೀನಿ. ಅದೂ ಬಿದರಿ ಕೆಲಸನೇ." ಹೇಳಿ ನಗುತ್ತಿರಲಿಲ್ಲ. ನಗು ಅವರಿಗೆ ಅಪರೂಪ.

ಇದು ಎಪ್ಪತ್ತರ ದಶಕದ ಮೊದಲ ವರ್ಷಗಳ ಮಾತು. ಈಗ ಛತ್ರಪತಿ ಸಂಭಾಜಿನಗರ ಎನ್ನುವ ಊರು ಆಗ ಔರಂಗಾಬಾದ್. ಅಲ್ಲಿನ ಒಂದು ಕಾಲೇಜಿನ ರಸಾಯನಶಾಸ್ತ್ರ ವಿಭಾಗದಲ್ಲಿ ಅವರು ಅಧ್ಯಾಪಕರು. ನಾನು ಅವರ ಕೈಕೆಳಗೆ ಪಿಎಚ್.ಡಿ.ಗೆ ಸೇರಿದ ಮೊದಲ ಹೆಣ್ಣುಮಗಳು. ನನ್ನ ಮನೆ ನಾಸಿಕದಲ್ಲಿ. ಅಪ್ಪಯ್ಯ ಕುಂದಾಪುರದ ಕಡೆಯಿಂದ ಬಂದು ರವಿವಾರ ಕಾರಂಜಾದ ಹತ್ತಿರ ಹೋಟೆಲು ಹಾಕಿದ್ದರು. ಇಡ್ಲಿಯ ಹಬೆಯಲ್ಲಿ ಬೆಳೆದವಳು ಹೋಗಿ ಗಂಧಕದ ಹಬೆಯಲ್ಲಿ ಕುಳಿತದ್ದು ನಮ್ಮ ಮನೆಯಲ್ಲಿ ಯಾರಿಗೂ ಅರ್ಥವಾಗದ ಸಂಗತಿಯಾಗಿತ್ತು.

ಮೊದಲ ದಿನ ನನ್ನ ಅರ್ಜಿಯನ್ನು ಓದಿ, ಕನ್ನಡಕದ ಮೇಲಿನಿಂದ ನೋಡಿ ಕೇಳಿದ್ದರು: "ಕನ್ನಡ ಬರ್ತದೇನು?"

"ಬರ್ತದೆ ಸರ್. ನಮ್ಮದು ಕುಂದಾಪುರ."

"ಹಾಂಗಾದ್ರ ಬೈಲಾಕ ಸಲೀಸ ಆಯ್ತು."

ಅವರು ಓದಿದ್ದು ನಿಜಾಮರ ಕಾಲದ ಉರ್ದು ಶಾಲೆಯಲ್ಲಿ. ಹೀಗಾಗಿ ಎಣಿಕೆ ಉರ್ದುವಿನಲ್ಲಿ, ಪಾಠ ಇಂಗ್ಲಿಷಿನಲ್ಲಿ, ಗುಲ್‌ಮಂಡಿ ಪೇಟೆಯ ತರಕಾರಿ ವ್ಯಾಪಾರ ಮರಾಠಿಯಲ್ಲಿ ನಡೆಯುತ್ತಿತ್ತು. ಸಿಟ್ಟು ಮಾತ್ರ ಬೀದರಿನ ಕನ್ನಡದಲ್ಲಿ. ಆ ಸಿಟ್ಟಿಗೂ ಒಂದು ಕ್ರಮವಿತ್ತು. ಸಾಮಾನ್ಯ ದಿನಗಳಲ್ಲಿ ನಾನು 'ತಂಗಿ', 'ನೀ'. ತಪ್ಪು ಮಾಡಿದರೆ 'ಏ ತಂಗಿ'. ನಿಜವಾಗಿ ಸಿಟ್ಟು ಬಂದಾಗ ಅವರು ಬಹುವಚನಕ್ಕೆ ಏರುತ್ತಿದ್ದರು. ಐದು ವರ್ಷಗಳಲ್ಲಿ ಅವರು ನನ್ನನ್ನು 'ನೀವು' ಎಂದದ್ದು ಒಂದೇ ದಿನ. ಆ ದಿನದ ಮಾತು ಮುಂದೆ ಬರುತ್ತದೆ.

ನಮ್ಮ ಕೆಲಸವನ್ನು ಹೋಟೆಲಿನವರಿಗೆ ತಿಳಿಯುವ ಹಾಗೆ ಹೇಳುವುದಾದರೆ ಇಷ್ಟು. ಎರಡೂ ತುದಿಯಲ್ಲಿ ಗಂಧಕವಿರುವ ಒಂದು ಪುಟ್ಟ ಅಣು. ಅದನ್ನು ಯಾವುದಾದರೂ ದ್ರಾವಕದಲ್ಲಿ ಕರಗಿಸಿ ಗಾಳಿ ಹಾಯಿಸಿದರೆ ಒಂದರ ಗಂಧಕ ಇನ್ನೊಂದರ ಗಂಧಕದ ಕೈ ಹಿಡಿಯುತ್ತದೆ. ಲೆಕ್ಕವಿಲ್ಲದಷ್ಟು ಕೂಡಿದರೆ ಉದ್ದನೆಯ ಸರಪಳಿಯಾಗಿ ರಬ್ಬರಿನಂಥ ಪಾಲಿಮರ್ ಸಿಗುತ್ತದೆ. ನಾಲ್ಕಾರು ಕೂಡಿ ನಿಂತುಬಿಟ್ಟರೆ ಬರೀ ಪುಡಿ. ತನ್ನ ಬಾಲವನ್ನು ತಾನೇ ಕಚ್ಚಿಕೊಂಡರೆ ಉಂಗುರ, ಅದು ಜಿಗುಟು ಎಣ್ಣೆ. ಯಾವ ದ್ರಾವಕದಲ್ಲಿ ಸರಪಳಿ ಉದ್ದ ಬೆಳೆಯುತ್ತದೆ, ಯಾವುದರಲ್ಲಿ ಮೊಟಕಾಗುತ್ತದೆ, ಯಾವುದರಲ್ಲಿ ಉಂಗುರವಾಗುತ್ತದೆ ಎನ್ನುವುದೇ ನನ್ನ ಪ್ರಬಂಧದ ವಿಷಯ.

"ಬೆಲ್ಲ ಅದೇ ಇರ್ತದ," ಎನ್ನುತ್ತಿದ್ದರು ಸರ್. "ನೀರು ಎಷ್ಟು, ಎಂಥಾದ್ದು ಅನ್ನೂದ್ರ ಮ್ಯಾಲೆ ಪಾಕ ಕೂಡ್ತದ. ಜನ ಬೆಲ್ಲದ ಹೆಸರು ಹೇಳ್ತಾರ. ನೀರಿನ ಹೆಸರು ಯಾರೂ ಹೇಳಂಗಿಲ್ಲ. ನಾವು ನೀರಿನ ಹೆಸರು ಹೇಳೋಣ."

ನಾತದ ಬಗ್ಗೆ ಹೇಳದಿದ್ದರೆ ಆ ದಿನಗಳ ಚಿತ್ರ ಪೂರ್ತಿಯಾಗುವುದಿಲ್ಲ. ಕೊಳೆತ ಈರುಳ್ಳಿ, ಸುಟ್ಟ ಕೂದಲು, ಚರಂಡಿ ಮೂರೂ ಸೇರಿದ ಹಾಗಿನ ವಾಸನೆ ನಮ್ಮ ಸಾಮಾನಿನದು. ಸೀಗೆಪುಡಿಗೆ ಹೋಗದು, ಸೋಪಿಗೆ ಜಗ್ಗದು. ರಜೆಗೆ ನಾಸಿಕಕ್ಕೆ ಹೊರಟರೆ ಎಸ್‌ಟಿ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ವೈಜಾಪುರದವರೆಗೂ ಖಾಲಿ. ಅಪ್ಪಯ್ಯ ನನ್ನನ್ನು ಹೋಟೆಲಿನ ಮುಂಬಾಗಿಲಿನಿಂದ ಒಳಗೆ ಬಿಡುತ್ತಿರಲಿಲ್ಲ. ಗಿರಾಕಿಗಳು ಈರುಳ್ಳಿ ಸಾಂಬಾರು ಕೆಟ್ಟಿದೆ ಎಂದುಕೊಂಡಾರು ಎಂಬ ಭಯ. ಸರ್‌ಗೆ ಇದನ್ನು ಹೇಳಿದಾಗ ಅವರು ಗಂಭೀರವಾಗಿ, "ನನ್ನ ಮದುವ್ಯಾಗ ಈ ಕೆಲಸ ಶುರು ಆಗಿದ್ದಿಲ್ಲ. ನನ್ನ ಪುಣ್ಯ," ಎಂದರು.

ಅವರ ಪ್ರಯೋಗಶಾಲೆಗೆ ಒಂದು ಮಾತು ಶಾಸನದ ಹಾಗಿತ್ತು: "ಎರಡನೇ ಸಲ ಬಂದ್ರ ಖರೆ." ಮೊದಲನೇ ಸಲ ಎಷ್ಟೇ ಚಂದದ ಫಲ ಬಂದರೂ ಅವರು ಅದನ್ನು ನೋಟ್‌ಬುಕ್ಕಿನಲ್ಲಿ ಪೆನ್ಸಿಲ್ಲಿನಿಂದ ಬರೆಸುತ್ತಿದ್ದರು. ಎರಡನೇ ಸಲ ಬಂದ ಮೇಲೆ ಶಾಯಿ. ಬರೆದದ್ದನ್ನು ತಿದ್ದಬೇಕಾದರೆ ಅಳಿಸುವಂತಿಲ್ಲ. ಒಂದು ಗೆರೆ ಎಳೆದು, ಪಕ್ಕದಲ್ಲಿ ಸಹಿ, ತಾರೀಖು. ಸರಪಳಿಯ ಉದ್ದವನ್ನು ಅಳೆಯಲು ಅದನ್ನು ಕರಗಿಸಿ ಕೂದಲೆಳೆಯಂಥ ಗಾಜಿನ ನಳಿಗೆಯಲ್ಲಿ ಇಳಿಬಿಡುತ್ತಿದ್ದೆವು. ಉದ್ದವಾದಷ್ಟೂ ನಿಧಾನವಾಗಿ ಇಳಿಯುತ್ತದೆ. ಕೈಯಲ್ಲಿ ಗಡಿಯಾರ ಇದ್ದರೂ ಸರ್ ತುಟಿಯಲ್ಲೇ "ಏಕ್, ದೋ, ತೀನ್" ಎಂದು ಎಣಿಸುತ್ತಿದ್ದರು. ಒಂದು ಸಲ ನಾನು ಅರ್ಧ ಸೆಕೆಂಡನ್ನು ದುಂಡಗೆ ಮಾಡಿ ಒಂದು ಎಂದು ಬರೆದೆ. ಇಡೀ ಮಧ್ಯಾಹ್ನದ ಕೆಲಸವನ್ನು ಮತ್ತೆ ಮಾಡಿಸಿದರು.

ಆ ಬರದ ವರ್ಷ ಬಂತು. ಊರಿನ ನಲ್ಲಿಗಳು ಮೂರು ದಿನಕ್ಕೊಮ್ಮೆ ಕೆಮ್ಮುತ್ತಿದ್ದವು. ನಮ್ಮ ಕೆಲಸಕ್ಕೂ ನಲ್ಲಿಗೂ ನೇರ ಸಂಬಂಧವಿತ್ತು. ಡಿಎಂಎಫ್ ಎಂದು ನಾವು ಕರೆಯುತ್ತಿದ್ದ ದ್ರಾವಕ ಪರದೇಶದಿಂದ ಬರಬೇಕು, ಬಂದರೆ ಬಂತು. ಆದ್ದರಿಂದ ಬಳಸಿದ್ದನ್ನೇ ಬಟ್ಟಿ ಇಳಿಸಿ ಮತ್ತೆ ಬಳಸುತ್ತಿದ್ದೆವು. ನಲ್ಲಿಗೆ ಸಿಕ್ಕಿಸುವ ಹಿತ್ತಾಳೆಯ ಪುಟ್ಟ ಪಂಪೊಂದಿತ್ತು. ನೀರು ರಭಸದಿಂದ ಹರಿದರೆ ಅದು ಪಾತ್ರೆಯೊಳಗಿನ ಗಾಳಿಯನ್ನು ಎಳೆದು ತೆಗೆಯುತ್ತದೆ. ಗಾಳಿ ತೆಳುವಾದರೆ ದ್ರಾವಕ ಕಡಿಮೆ ಶಾಖಕ್ಕೇ ಕುದಿಯುತ್ತದೆ, ಕೆಡುವುದಿಲ್ಲ. ನಲ್ಲಿಯಲ್ಲಿ ನೀರಿಲ್ಲದಿದ್ದರೆ ಪಂಪಿಲ್ಲ, ಪಂಪಿಲ್ಲದಿದ್ದರೆ ಬಟ್ಟಿ ಇಳಿಸುವಂತಿಲ್ಲ.

"ನೀರು ಬರೂತನಕ ಕೂಡು, ತಂಗಿ. ಜೋರಾಗಿ ಉರಿ ಹಚ್ಚಬ್ಯಾಡ, ದ್ರಾವಕ ಒಡೀತದ," ಎಂದು ಹೇಳಿ ಸರ್ ತಮ್ಮ ತಾಯಿಯನ್ನು ನೋಡಲು ಬೀದರಿಗೆ ಹೋದರು.

ನಾನು ಎರಡು ದಿನ ಕೂತೆ. ಮೂರನೆಯ ದಿನ ಕೂರಲಿಲ್ಲ. ಅಪ್ಪಯ್ಯ ನನ್ನ ಓದಿಗೆ ಕೊಟ್ಟ ಗಡುವು ತಲೆಯಲ್ಲಿ ಕುಳಿತಿತ್ತು: ಇನ್ನೊಂದು ವರ್ಷದಲ್ಲಿ ಪ್ರಬಂಧ ಒಪ್ಪಿಸದಿದ್ದರೆ ವಾಪಸು ಬರಬೇಕು, ಗಂಡು ನೋಡಿ ಆಗಿದೆ. ಮರಳ ಬಾಣಲೆಯಲ್ಲಿ ಪಾತ್ರೆಯಿಟ್ಟು ಉರಿ ಏರಿಸಿದೆ. ದ್ರಾವಕ ಕುದಿಯಿತು, ಇಳಿಯಿತು, ನೋಡಲು ನೀರಿನಷ್ಟೇ ತಿಳಿ. ಒಂದು ಕಂದು ಸೀಸೆಗೆ ತುಂಬಿಸಿ ನನ್ನ ಕೈಬರಹದ ಚೀಟಿ ಅಂಟಿಸಿದೆ. ಸರ್ ಬಂದ ಮೇಲೆ ನೀರೂ ಬಂತು. ಅವರ ಎದುರಿಗೆ ಮಾಡಿದ ಬಟ್ಟಿಯೆಲ್ಲ ಸರಿಯಾದ ಬಟ್ಟಿಯೇ. ಅದನ್ನೂ ಅದೇ ಸೀಸೆಯಲ್ಲಿ ಉಳಿದದ್ದರ ಮೇಲೆ ಸುರಿಯುತ್ತ ಹೋದೆ. ಬಾಣಲೆಯ ವಿಷಯ ಅವರಿಗೆ ಹೇಳಲಿಲ್ಲ.

ಆ ಸೀಸೆಯ ದ್ರಾವಕದಲ್ಲಿ ಮಾಡಿದ ಮೊದಲ ಪ್ರಯೋಗದಲ್ಲೇ ಅದು ಬಂತು. ಗಾಜಿನ ಕಡ್ಡಿಯಿಂದ ಎತ್ತಿದರೆ ಮೊಳದುದ್ದ ಎಳೆ. ಎಳೆದರೆ ಬರುತ್ತದೆ, ಬಿಟ್ಟರೆ ಹಿಂದಕ್ಕೆ ಹೋಗುತ್ತದೆ. ಸ್ಪಿರಿಟ್ಟಿನಲ್ಲಿ ಪುಡಿ, ಬೆಂಜೀನಿನಲ್ಲಿ ಎಣ್ಣೆಯಾಗಿ ಸತಾಯಿಸಿದ ಸಾಮಾನು ಇದರಲ್ಲಿ ರಬ್ಬರಾಗಿತ್ತು. ಸರ್ ಆ ಎಳೆಯನ್ನು ತೋರುಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿ ನೋಡಿದರು. "ಪೆನ್ಸಿಲ್," ಎಂದರು. ಎರಡನೇ ಸಲವೂ ಬಂತು. ಮೂರನೇ ಸಲವೂ ಬಂತು. ಶಾಯಿಯಲ್ಲಿ ಬರೆದೆವು. ಆ ಎಳೆಯ ಒಂದು ತುಂಡನ್ನು ಅವರು ಪಾಕೀಟಿನಲ್ಲಿ, ಮಗಳ ಫೋಟೋದ ಹಿಂದೆ ಇಟ್ಟುಕೊಂಡರು.

ಲೇಖನ ಪರದೇಶದ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಈ ದ್ರಾವಕದಲ್ಲಿ ಸರಪಳಿ ಅಷ್ಟು ಉದ್ದ ಬೆಳೆಯಲು ದ್ರಾವಕದ ಗುಣವೇ ಕಾರಣ ಎಂದು ಅದರಲ್ಲಿ ಬರೆದಿದ್ದೆವು. ಮೊದಲ ಹೆಸರು ನನ್ನದು, ಎರಡನೆಯದು ಅವರದು. ವಿಭಾಗದ ಮುಖ್ಯಸ್ಥರು ನಿವೃತ್ತರಾಗುವವರಿದ್ದರು, ಆ ಜಾಗಕ್ಕೆ ಸರ್ ಹೆಸರು ಎಲ್ಲರ ಬಾಯಲ್ಲಿತ್ತು. ನನ್ನ ಪ್ರಬಂಧಕ್ಕೆ ಉಳಿದದ್ದು ಒಂದೇ ಅಧ್ಯಾಯ.

ಆಗ ಪರದೇಶದ ಹೊಸ ಡಿಎಂಎಫ್ ಬಂತು. ಮುದ್ರೆ ಒಡೆಯದ ಸೀಸೆಗಳು. ಹಳೆಯ ಕಂದು ಸೀಸೆಯನ್ನು ಕಾಲು ಭಾಗ ಉಳಿದಿರುವಾಗಲೇ ಕಪಾಟಿನ ಹಿಂದೆ ತಳ್ಳಿ, ಹೊಸದರಲ್ಲಿ ಮಾಡಿದೆ. ಎಳೆ ಬರಲಿಲ್ಲ. ಬೆಲ್ಲದ ಪುಡಿಯಂಥ ಏನೋ ಬಂತು. ಮತ್ತೆ ಮಾಡಿದೆ, ಅದೇ ಪುಡಿ. ಗಾಳಿ ಬದಲಿಸಿದೆ, ಗಾಜು ಬದಲಿಸಿದೆ, ಹೊಸ ಸೀಸೆಯ ಕಂಪನಿಗೆ ಮನಸಾರೆ ಶಾಪ ಹಾಕಿದೆ. ನಾಲ್ಕು ತಿಂಗಳು ಹೀಗೆ ಹೋಯಿತು. ಸರ್ ದಿನಾ ನಳಿಗೆಯ ಮುಂದೆ ನಿಂತು ಎಣಿಸುತ್ತಿದ್ದರು. "ಪಂದ್ರಾ", ಅಂದರೆ ಹದಿನೈದಕ್ಕೆ ಬರುವಷ್ಟರಲ್ಲಿ ಎಲ್ಲ ಇಳಿದು ಹೋಗಿರುತ್ತಿತ್ತು. ಮೊದಲಾದರೆ ನಲವತ್ತು ದಾಟುತ್ತಿತ್ತು.

ಗಡುವು ಮುಗಿಯುತ್ತ ಬಂದಾಗ ಅವರೇ ಅಪ್ಪಯ್ಯನ ಹತ್ತಿರ ಮಾತಾಡಲು ನನ್ನನ್ನೂ ಕರೆದುಕೊಂಡು ನಾಸಿಕಕ್ಕೆ ಹೊರಟರು. ಹೆಗಲಿಗೆ ಬಟ್ಟೆಯ ಚೀಲ, ಅದರಲ್ಲಿ ಹೆಂಡತಿ ಕಟ್ಟಿಕೊಟ್ಟ ಜೋಳದ ರೊಟ್ಟಿ. ನಮ್ಮ ಹೋಟೆಲಿಗೆ ಬಂದು ರೊಟ್ಟಿಯ ಗಂಟನ್ನು ಮೇಜಿನ ಮೇಲಿಟ್ಟ ಮೊದಲ ಗಿರಾಕಿ ಅವರೇ ಇರಬೇಕು.

"ಹ್ವಾಯ್, ಬನ್ನಿ ಬನ್ನಿ, ಕೂತ್ಕಣಿ," ಎಂದು ಅಪ್ಪಯ್ಯ ಗಲ್ಲೆಯಿಂದ ಎದ್ದು ಬಂದರು. ಕಾಫಿ ಬಂತು. ಸುತ್ತುಬಳಸು ಮಾತು ಅಪ್ಪಯ್ಯನಿಗೆ ಗೊತ್ತಿಲ್ಲ. "ಅಲ್ಲ ಮಾರಾಯ್ರೆ, ಈ ಹೆಣ್ಣಿನ ಓದು ಮುಗಿಯೂಕೆ ಇನ್ನೆಷ್ಟು ಟೈಮ್ ಬೇಕು? ಗಂಡಿನವ್ರು ಎಷ್ಟಂತ ಕಾಯ್ತ್ರು?"

"ಒಂದು ವರ್ಷ ಕೊಡ್ರಿ," ಎಂದರು ಸರ್. "ಆಕಿ ಕೆಲಸದಾಗ ತಪ್ಪಿಲ್ಲ. ಎಲ್ಲೋ ಒಂದು ಗಂಟು ಬಿದ್ದದ. ಅದು ಬಿಚ್ಚಿದ ದಿನ ನಾನೇ ಕಳಸ್ತೀನಿ."

ಅಷ್ಟರಲ್ಲಿ ಒಳಗೆ ಅಡುಗೆ ಭಟ್ಟರು ರುಬ್ಬಿದ ಇಡ್ಲಿ ಹಿಟ್ಟನ್ನು ತಂದರು. ದೊಡ್ಡ ಪಾತ್ರೆಯ ತಳದಲ್ಲಿ ನಿನ್ನೆಯ ಹಿಟ್ಟು ಎರಡು ಸೌಟಿನಷ್ಟು ಉಳಿದಿತ್ತು. ಅದರ ಮೇಲೆಯೇ ಹೊಸದನ್ನು ಸುರಿದು ಕೈಯಾಡಿಸಿದರು. ಹುಟ್ಟಿದಾಗಿನಿಂದ ನಾನು ದಿನಾ ನೋಡಿದ ನೋಟ. ಸರ್ ಲೋಟವನ್ನು ಕೆಳಗಿಟ್ಟರು.

"ಭಟ್ರ, ಆ ಹಳೇದು ಯಾಕ ಬಿಟ್ರಿ?"

ಭಟ್ಟರಿಗೆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ಹಳೆ ಹಿಟ್ಟು ಸ್ವಲ್ಪ ಇಲ್ದಿರೆ ಹೊಸ್ದು ಉಬ್ಬುದು ಹ್ಯಾಂಗೆ? ಈ ನಾಸಿಕದ ಚಳಿಗೆ ಪಾತ್ರೆ ತೊಳ್ದ್ ಬಿಟ್ರೆ ನಾಳೆ ಇಡ್ಲಿ ಅಲ್ಲ, ಕಲ್ಲು."

ಸರ್ ನನ್ನ ಕಡೆ ತಿರುಗಿದರು. "ತಂಗಿ, ಆ ಹಳೇ ಬಾಟ್ಲಿ ನೀ ತೊಳದೀಯೇನು?"

ಯಾವ ಬಾಟ್ಲಿ ಎಂದು ಕೇಳಬೇಕೆಂದುಕೊಂಡೆ. ಕೇಳಲಿಲ್ಲ. ನನ್ನ ಕೈಗೆ ಗೊತ್ತಿತ್ತು. ಕೆಲಸ ಮುಗಿದ ಪಾತ್ರೆಯ ತಳದಲ್ಲಿ ಒಂದಿಷ್ಟು ಉಳಿಸಿ ಮೇಲೆ ಹೊಸದು ಸುರಿಯುವುದನ್ನು ಅದು ಕಲಿತದ್ದು ಇದೇ ಅಡುಗೆಮನೆಯಲ್ಲಿ.

"ಇಲ್ಲ ಸರ್," ಎಂದೆ.

ಅಪ್ಪಯ್ಯ ಒಂದು ವರ್ಷಕ್ಕೆ ಒಪ್ಪಿದರು. ಯಾಕೆ ಒಪ್ಪಿದರೋ ಗೊತ್ತಿಲ್ಲ. ಇಷ್ಟು ದೂರದಿಂದ ರೊಟ್ಟಿ ಕಟ್ಟಿಕೊಂಡು ಬಂದ ಮೇಷ್ಟರ ಮುಖ ನೋಡಿ ಇರಬೇಕು. ಮರುದಿನ ವಾಪಸು ಬರುವಾಗ ಬಸ್ಸಿನಲ್ಲಿ, ಏವಲಾ ದಾಟಿದ ಮೇಲೆ, ನಾನು ಬಾಣಲೆಯ ಕಥೆಯನ್ನೂ ಹೇಳಿದೆ. ನೀರಿರಲಿಲ್ಲ, ಕಾಯಲಿಲ್ಲ, ಉರಿ ಏರಿಸಿದೆ. ಅವರು ಕಿಟಕಿಯ ಹೊರಗೆ ನೋಡುತ್ತ ಕೇಳಿಸಿಕೊಂಡರು. "ಹ್ಞೂಂ," ಎಂದರು, ಅಷ್ಟೇ.

ಪ್ರಯೋಗಶಾಲೆಗೆ ಹೋದ ಕೂಡಲೇ ಕಪಾಟಿನ ಹಿಂದಿನ ಕಂದು ಸೀಸೆ ಹೊರಗೆ ಬಂತು. ಸರ್ ಮೂಸಿದರು, ನಾನು ಮೂಸಿದೆ. ಗಂಧಕ ಮೂಸಿ ಮೂಸಿ ಸತ್ತ ಮೂಗುಗಳು. ಏನೋ ಇದೆ ಅನ್ನಿಸಿತು, ಏನೆಂದು ತಿಳಿಯಲಿಲ್ಲ. ಅಲ್ಲಿ ಗಾಜು ತೊಳೆಯುತ್ತಿದ್ದ ಅಟೆಂಡರ್ ಚಾಚಾ ಪೈಠಣದವರು, ಗೋದಾವರಿಯ ದಂಡೆಯಲ್ಲಿ ಬೆಳೆದವರು. ಸೀಸೆಯನ್ನು ಅವರ ಮೂಗಿಗೆ ಹಿಡಿದೆವು.

"ಸಾಬ್, ಇಸ್ಮೆ ತೋ ಮಛ್ಲೀ ಕಾ ಬಾಸ್ ಹೈ. ಸಡೀ ಮಛ್ಲೀ," ಎಂದರು ಚಾಚಾ.

ಕೊಳೆತ ಮೀನು. ಸರ್ ಲಿಂಗಾಯತರು, ನಾನು ಬ್ರಾಹ್ಮಣ ಹೋಟೆಲಿನವರ ಮಗಳು. ನಮ್ಮಿಬ್ಬರ ಏಳು ತಲೆಮಾರಿನಲ್ಲಿ ಯಾರೂ ಮೀನನ್ನು ಮೂಸಿರಲಿಕ್ಕಿಲ್ಲ. ಆದರೆ ಮೀನಿನ ವಾಸನೆ ಯಾವ ವಸ್ತುವಿನದು ಎನ್ನುವುದು ಪುಸ್ತಕದಲ್ಲಿ ಇಬ್ಬರೂ ಓದಿದ್ದೆವು. ಜೋರು ಉರಿಗೆ ಡಿಎಂಎಫ್ ಒಡೆದರೆ ಹುಟ್ಟುವ ಅಮೈನು ಅದು. ಅದರ ಒಂದೆರಡು ಹನಿ ಸಾಕು, ಗಂಧಕದ ತುದಿಗಳು ಅವಸರವಸರವಾಗಿ ಕೂಡುತ್ತವೆ. ಹೊಸ ಶುದ್ಧ ದ್ರಾವಕಕ್ಕೆ ಅಂಥ ಒಂದು ಹನಿ ಬೆರೆಸಿ ನೋಡಿದೆವು. ಮೊಳದುದ್ದ ಎಳೆ ಬಂತು. ಹನಿ ಬೆರೆಸದೆ ಮಾಡಿದೆವು, ಪುಡಿ. ಎರಡನೇ ಸಲವೂ ಹಾಗೆಯೇ.

ಅಂದರೆ ನಾವು ಅಚ್ಚು ಹಾಕಿಸಿದ್ದು ತಪ್ಪು. ಸರಪಳಿಯನ್ನು ಬೆಳೆಸಿದ್ದು ದ್ರಾವಕದ ಗುಣ ಅಲ್ಲ, ನನ್ನ ಸೀಸೆಯ ತಳದ ಕೊಳೆ.

ಸರ್ ಕುರ್ಚಿಯಲ್ಲಿ ಕುಳಿತರು. "ಎರಡನೇ ಸಲ ಬಂತು, ಮೂರನೇ ಸಲ ಬಂತು. ಎಲ್ಲಾ ಒಂದೇ ಬಾಟ್ಲಿಯಿಂದ ಬಂತು," ಎಂದರು. "ನನ್ನ ಮಾತೇ ಅರ್ಧ ಇತ್ತು."

ಆಗ ನಾನು ಆ ಮಾತನ್ನು ಆಡಿದೆ. ಇವತ್ತಿಗೂ ಅದನ್ನು ಬರೆಯುವಾಗ ಕಿವಿ ಬಿಸಿಯಾಗುತ್ತದೆ. "ಸರ್, ಸೀಸೆಯಲ್ಲಿ ಇನ್ನೂ ಕಾಲು ಭಾಗ ಉಂಟು. ಪರೀಕ್ಷಕರು ಬಂದರೆ ಇದರಲ್ಲೇ ಮಾಡಿ ತೋರಿಸಬಹುದು. ಬರೆದ ಅಂಕಿ ಯಾವುದೂ ಸುಳ್ಳಲ್ಲವಲ್ಲ. ಮುಖ್ಯಸ್ಥರ ಜಾಗಕ್ಕೆ ನಿಮ್ಮ ಇಂಟರ್‌ವ್ಯೂ ಕೂಡ ಮುಂದಿನ ತಿಂಗಳು."

ಅವರು ಎದ್ದರು. ಕೈ ತೊಳೆದುಕೊಂಡರು, ಒರೆಸಿಕೊಂಡರು.

"ನೀವು ಮನಿಗಿ ಹೋಗ್ರಿ," ಎಂದರು.

ಹಾಸ್ಟೆಲಿಗೆ ಹೋಗಿ ಅತ್ತೆ. ಬೈದಿದ್ದರೆ ಇಷ್ಟು ಅಳುತ್ತಿರಲಿಲ್ಲ. ಮಾರನೆಯ ಬೆಳಿಗ್ಗೆ ಹೋದಾಗ ಮೇಜಿನ ಮೇಲೆ ಎರಡು ಸಾಮಾನಿದ್ದವು: ಪಾಕೀಟಿನಲ್ಲಿಟ್ಟುಕೊಂಡಿದ್ದ ಎಳೆಯ ತುಂಡು, ಮತ್ತು ನನಗಾಗಿ ತಂದ ಹೊಸ ನೋಟ್‌ಬುಕ್.

"ಕೂಡು, ತಂಗಿ," ಎಂದರು. ತಂಗಿ ಎಂದರಲ್ಲ ಎಂಬ ಒಂದೇ ಸಮಾಧಾನಕ್ಕೆ ನಾನು ಕುಳಿತೆ. "ಪತ್ರಿಕೆಗಿ ಕಾಗದ ಬರೀತೀನಿ. ಲೇಖನ ವಾಪಸ್ ತಗೋತೀವಿ ಅಂತ. ನೀ ಮೊದಲಿಂದ ಶುರು ಮಾಡು. ಎಲ್ಲಾ ದ್ರಾವಕ, ಎಲ್ಲಾ ಹೊಸ ಗಾಜು. ಎರಡನೇ ಸಲ ಬ್ಯಾರೆ ಬಾಟ್ಲಿಯಿಂದ."

"ತಪ್ಪು ನನ್ನದು ಸರ್. ಕಾಗದದಲ್ಲಿ ನನ್ನ ಹೆಸರು ಬರೆಯಿರಿ."

"ಬಾಟ್ಲಿ ನಿಂದು. ಸಹಿ ನಂದು. ಕಾಗದದಾಗ ಏನ್ ಬರೀಬೇಕು ನಾ ನೋಡ್ಕೋತೀನಿ. ನೀ ಗಾಜು ತೊಳಿ."

ತೊಳೆದೆ. ಅಂದಿನಿಂದ ಇಂದಿನವರೆಗೆ ನಾನು ತೊಳೆಯದ ಸೀಸೆಯಲ್ಲಿ ಏನನ್ನೂ ತುಂಬಿಲ್ಲ; ಮನೆಯ ಉಪ್ಪಿನ ಡಬ್ಬಿಯನ್ನೂ ತೊಳೆದೇ ತುಂಬುತ್ತೇನೆ. ಒಂದೂವರೆ ವರ್ಷ ಹಿಡಿಯಿತು. ಗಂಡಿನವರು ಕಾಯಲಿಲ್ಲ, ಅಪ್ಪಯ್ಯ ಆರು ತಿಂಗಳು ನನ್ನೊಡನೆ ಮಾತಾಡಲಿಲ್ಲ. ಆದರೆ ಪ್ರತಿ ದ್ರಾವಕವನ್ನೂ ಶುದ್ಧ ಮಾಡಿ ಬೇರೆ ಬೇರೆ ಸೀಸೆಗಳಿಂದ ಮಾಡಿದಾಗ ನಿಜವಾದ ಚಿತ್ರ ಮೆಲ್ಲಗೆ ಕಾಣಿಸಿತು. ದ್ರಾವಕಕ್ಕೆ ಪಾತ್ರ ಇತ್ತು, ನಾವು ಡಂಗುರ ಹೊಡೆದಷ್ಟು ದೊಡ್ಡದಲ್ಲ. ಸ್ಪಿರಿಟ್ಟಿನಲ್ಲಿ ಸರಪಳಿ ಸ್ವಲ್ಪ ಬೆಳೆದ ಕೂಡಲೇ ಕರಗದೆ ತಳಕ್ಕೆ ಕೂರುತ್ತದೆ, ಅಲ್ಲಿಗೆ ಬೆಳವಣಿಗೆ ಮುಗಿಯಿತು. ಡಿಎಂಎಫ್‌ನಲ್ಲಿ ತೇಲುತ್ತ ಇನ್ನಷ್ಟು ಬೆಳೆಯುತ್ತದೆ. ದ್ರಾವಕ ಹೆಚ್ಚಾಗಿ ಅಣುಗಳು ದೂರ ದೂರವಾದರೆ, ಕೈಗೆ ಬೇರೆ ಯಾರೂ ಸಿಗದೆ ತಮ್ಮ ಬಾಲವನ್ನೇ ಹಿಡಿದು ಉಂಗುರವಾಗುತ್ತವೆ. ಅಮೈನಿನ ಹನಿಗೆ ಬೇರೆಯದೇ ಅಧ್ಯಾಯ ಬರೆದೆ. ಪರೀಕ್ಷಕರು ಮೆಚ್ಚಿದ್ದು ಆ ಅಧ್ಯಾಯವನ್ನೇ.

ಮುಖ್ಯಸ್ಥರ ಜಾಗ ಬೇರೊಬ್ಬರಿಗೆ ಹೋಯಿತು. ಸರ್ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಕಾಗದ ಇಂಟರ್‌ವ್ಯೂ ಮುಗಿದ ಮೇಲೆ ಹೋಗಿರಬೇಕು, ಇದಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ನಾನು ನನಗೇ ಹೇಳಿಕೊಂಡೆ. ಹಾಗೆ ಹೇಳಿಕೊಳ್ಳುವುದು ನನಗೆ ಅನುಕೂಲವಾಗಿತ್ತು. ಪತ್ರಿಕೆಯಲ್ಲಿ ಮುಂದೆ ಬಂದದ್ದು ಎರಡೇ ಸಾಲು: ಲೇಖಕರ ಕೋರಿಕೆಯಂತೆ ಈ ಲೇಖನವನ್ನು ಹಿಂಪಡೆಯಲಾಗಿದೆ.

ಡಿಗ್ರಿ ಸಿಕ್ಕಿ ನಾನು ನಾಸಿಕಕ್ಕೆ ಮರಳಿದೆ. ಸಾತಪುರದಲ್ಲಿ ರಬ್ಬರ್ ಬಿಡಿಭಾಗ ಮಾಡುವ ಕಾರ್ಖಾನೆಯ ಪ್ರಯೋಗಶಾಲೆಯಲ್ಲಿ ಕೆಲಸ. ಪಾಳಿ ಬಿಟ್ಟು ಸೈಕಲ್ಲು, ಸ್ಕೂಟರುಗಳಲ್ಲಿ ಹೊರಡುವ ಗಂಡಸರ ನಡುವೆ ನಾನೊಬ್ಬಳೇ ಸೀರೆ. ತಿಂಗಳಿಗೊಂದು ಕಾಗದ ಸರ್‌ಗೆ ಬರೆಯುತ್ತಿದ್ದೆ. ಅವರ ಉತ್ತರ ಪೋಸ್ಟ್‌ಕಾರ್ಡಿನಲ್ಲಿ, ಪ್ರತಿ ಸಲವೂ ಕೊನೆಯಲ್ಲಿ ಒಂದೇ ಪ್ರಶ್ನೆ: "ಎರಡನೇ ಸಲ ಬಂತೇನು?"

ಎರಡು ವರ್ಷದ ನಂತರ ಪೋಸ್ಟ್‌ಕಾರ್ಡಿನ ಅಕ್ಷರ ಬದಲಾಯಿತು. ಮಗಳ ಕೈ. ಅಪ್ಪನಿಗೆ ಉಸಿರಿನ ತೊಂದರೆ, ಕಾಲೇಜಿಗೆ ರಜೆ ಹಾಕಿದ್ದಾರೆ ಎಂದಿತ್ತು. ರಜೆ ವರ್ಷ ದಾಟಿತು. ನಾನು ಮನ್ಮಾಡಿನಿಂದ ರೈಲು ಹಿಡಿದು ಹೋದೆ. ಗೋಡೆಗೆ ಒರಗಿ ಕೂತಿದ್ದರು, ಅರ್ಧ ಆಗಿದ್ದರು. ಎದೆಯ ಮೇಲಿನ ಕರಡಿಗೆ ಬೆಳ್ಳಗೆ ಹೊಳೆಯುತ್ತಿತ್ತು. ನಾನು ಅದನ್ನೇ ನೋಡುತ್ತಿರುವುದು ಅವರಿಗೆ ತಿಳಿಯಿತು.

"ತಿಕ್ಕಿಲ್ಲ, ಏನಿಲ್ಲ. ಹಾಂಗೇ ಬೆಳ್ಳಗ ಇರ್ತದ ಈಗ," ಎಂದರು. "ಸೇರಂಗಿಲ್ಲ ನನಗ."

ನನಗೆ ಕೈ ಚಾಚಲು ಹೇಳಿ ನೋಡಿದರು. ಬೆರಳಿನ ಬೆಳ್ಳಿ ಉಂಗುರ ಕಾರ್ಖಾನೆಯ ಗಂಧಕಕ್ಕೆ ಕರ್ರಗಾಗಿತ್ತು. ಅದನ್ನು ಹೆಬ್ಬೆರಳಿನಿಂದ ಒಂದು ಸಲ ಉಜ್ಜಿ, "ಛಲೋ ಆಯ್ತು," ಎಂದರು.

ಅದೇ ಚಳಿಗಾಲದಲ್ಲಿ ಹೋಗಿಬಿಟ್ಟರು. ತಂತಿ ಸಿಕ್ಕಿ ನಾನು ತಲುಪುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ಲಿಂಗ ಅವರ ಅಂಗೈಯಲ್ಲೇ ಹೋಯಿತು, ಬೆಳ್ಳಿಯ ಕರಡಿಗೆ ದೇವರ ಗೂಡಿನಲ್ಲಿತ್ತು. ಅವರ ಹೆಂಡತಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಆಮೇಲೆ ಟ್ರಂಕಿನಿಂದ ಒಂದು ಫೈಲು ತೆಗೆದರು.

"ನಿನ್ನ ಕೆಲಸದ್ದ ಇರಬೇಕು ಅಂತ ಮಗಳು ಅಂದ್ಳು. ನನಗೇನು ತಿಳೀತದ. ತಗೊಂಡ್ಹೋಗು, ತಂಗಿ."

ಮೇಲುಗಡೆ ಪತ್ರಿಕೆಗೆ ಬರೆದ ಕಾಗದದ ಕಾರ್ಬನ್ ಪ್ರತಿ ಇತ್ತು. ತಾರೀಖು ಇಂಟರ್‌ವ್ಯೂಗೆ ನಾಲ್ಕು ದಿನ ಮುಂಚಿನದು. ಕೆಳಗೆ ಅವರ ಕೈಬರಹದಲ್ಲಿ: ಪ್ರತಿಯನ್ನು ಆಯ್ಕೆ ಸಮಿತಿಗೂ ಕೊಟ್ಟಿದೆ. ನಾನು ಅಲ್ಲೇ ನೆಲದ ಮೇಲೆ ಕುಳಿತು ಓದಿದೆ. ಇಂಗ್ಲಿಷಿನ ಕಾಗದ, ನೋಟ್‌ಬುಕ್ಕಿನಷ್ಟೇ ಒಣ ಭಾಷೆ. ದ್ರಾವಕದಲ್ಲಿ ಅಮೈನು ಬೆರೆತಿತ್ತು, ಆದ್ದರಿಂದ ನಮ್ಮ ತೀರ್ಮಾನ ನಿಲ್ಲುವುದಿಲ್ಲ. ಕೊನೆಗೆ ಈ ಸಾಲುಗಳಿದ್ದವು: "ಆ ದ್ರಾವಕವನ್ನು ಪಂಪಿಲ್ಲದೆ ಬಟ್ಟಿ ಇಳಿಸಿದ್ದು ನಾನೇ. ತೊಳೆಯದ ಸೀಸೆಗೆ ತುಂಬಿದ್ದೂ ನಾನೇ. ನನ್ನ ವಿದ್ಯಾರ್ಥಿನಿ ನಾನು ಕೊಟ್ಟದ್ದನ್ನು ಬಳಸಿದಳು, ಆಕೆಯ ಕೆಲಸದಲ್ಲಿ ದೋಷವಿಲ್ಲ."

ಅರ್ಧ ಸೆಕೆಂಡಿಗಾಗಿ ಒಂದು ಮಧ್ಯಾಹ್ನವನ್ನು ಮತ್ತೆ ಮಾಡಿಸಿದ ಮನುಷ್ಯ, ಗೆರೆ ಎಳೆದು ಸಹಿ ಹಾಕದೆ ಒಂದು ಅಂಕಿಯನ್ನೂ ತಿದ್ದಗೊಡದ ಮನುಷ್ಯ, ತಪ್ಪನ್ನು ಹಿಂಪಡೆಯುವ ಕಾಗದದಲ್ಲೇ ಸುಳ್ಳು ಬರೆದಿದ್ದರು. ಆ ಸುಳ್ಳಿನ ಮೇಲೆ ನನ್ನ ಡಿಗ್ರಿ ನಿಂತಿದೆ, ನನ್ನ ಕೆಲಸ ನಿಂತಿದೆ, ನನ್ನ ಅನ್ನ ನಿಂತಿದೆ. ಪತ್ರಿಕೆಗೆ ನಾನು ಆಗಲೇ ಬರೆದು ತಿಳಿಸಬೇಕಿತ್ತು. ಧೈರ್ಯ ಸಾಲಲಿಲ್ಲ. ವರ್ಷ ವರ್ಷ ಮುಂದೆ ಹಾಕಿದೆ. ಆ ಪತ್ರಿಕೆ ಈಗ ಇಲ್ಲ, ಕೇಳುವವರೂ ಇಲ್ಲ.

ಆದರೂ ಗೆರೆ ಎಳೆದು ಪಕ್ಕದಲ್ಲಿ ಬರೆಯಬೇಕು. ಅವರು ಕಲಿಸಿದ ಕ್ರಮ ಅದು. ಬರದ ವರ್ಷ, ನಲ್ಲಿಯಲ್ಲಿ ನೀರಿಲ್ಲದ ಒಂದು ಮಧ್ಯಾಹ್ನ, ಆ ದ್ರಾವಕವನ್ನು ಬಾಣಲೆಯಲ್ಲಿಟ್ಟು ಉರಿ ಏರಿಸಿದವಳು ನಾನು. ಸೀಸೆ ತೊಳೆಯದವಳೂ ನಾನು. ಸರ್ ಆ ದಿನ ಬೀದರಿನಲ್ಲಿದ್ದರು.